ವಾಗ್ದಾನದ ಮೆಸ್ಸೀಯರನ್ನು ಪವಿತ್ರ ಗ್ರಂಥದಲ್ಲಿ ಕಾಣುವ ಬಗೆ

(ಶತಮಾನೋತ್ಸವ ವರ್ಷದ ಕ್ರಿಸ್ತಜಯಂತಿ ಕಾಲದಲ್ಲಿ, ಪ್ರಭುದರ್ಶನ ಹಬ್ಬಕ್ಕೆ ಮುನ್ನ, ಧರ್ಮಕೇಂದ್ರದ ಗುರುಗಳು ಭಕ್ತಾದಿಗಳಿಗೆ ನೀಡಿದ ಉಪನ್ಯಾಸ)



ಬಲಿಪೀಠದ ಪಕ್ಕದಲ್ಲಿ ನಮ್ಮ ಯುವಕರು ಕಟ್ಟಿರುವ ಗೋದಲಿಯನ್ನು ನೀವೆಲ್ಲರೂ ನೋಡಿದ್ದೀರಿ. ಜೋಳದ ಸೊಪ್ಪೆ ಹೊದಿಸಿದ ಚಪ್ಪರ, ಅದರೊಳಗೆ ಬಾಲಯೇಸು, ಮಾತೆ ಮರಿಯಮ್ಮನವರು, ಸಂತ ಜೋಸೆಫರು, ಕುರುಬರು; ಅವರ ಹಿಂದೆ ಒಂದು ಎತ್ತು, ಒಂದು ಕತ್ತೆ. ಈ ಎತ್ತು ಕತ್ತೆಗಳು ಎಲ್ಲಿಂದ ಬಂದವು ಎಂದು ಎಂದಾದರೂ ಯೋಚಿಸಿದ್ದುಂಟೆ? ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಿ ನೋಡಿರಿ. ಗೋದಲಿಯ ಮಾತು ಅಲ್ಲಿ ಮೂರು ಸಲ ಬರುತ್ತದೆ. ನಮ್ಮ ಕಡೆಯ ಒಕ್ಕಲಿಗರು ಗ್ವಾದಲಿ ಎನ್ನುವುದೂ ಅದನ್ನೇ, ದನಕ್ಕೆ ಮೇವು ಹಾಕುವ ಜಾಗವನ್ನೇ. ಆದರೆ ಎತ್ತಿನ ಮಾತು ಅಲ್ಲಿಲ್ಲ, ಕತ್ತೆಯ ಮಾತೂ ಇಲ್ಲ. ಸಂತ ಮತ್ತಾಯರಲ್ಲಂತೂ ಗೋದಲಿಯೇ ಇಲ್ಲ.

ಅವು ಬಂದದ್ದು ಪ್ರವಾದಿ ಯೆಶಾಯನ ಗ್ರಂಥದ ಮೊದಲನೆಯ ಅಧ್ಯಾಯದ ಮೂರನೆಯ ವಚನದಿಂದ. ಎತ್ತಿಗೆ ತನ್ನ ಒಡೆಯನ ಗುರುತಿದೆ, ಕತ್ತೆಗೆ ತನ್ನ ಯಜಮಾನನ ಗೋದಲಿಯ ಗುರುತಿದೆ, ನನ್ನ ಜನರಿಗೆ ಮಾತ್ರ ಗುರುತಿಲ್ಲ ಎಂದು ದೇವರು ಅಲ್ಲಿ ನೊಂದುಕೊಳ್ಳುತ್ತಾರೆ. ಧರ್ಮಸಭೆಯ ಪ್ರಾಚೀನ ಬೋಧಕರು ಈ ವಚನವನ್ನು ಬೆತ್ಲೆಹೇಮಿನ ಗೋದಲಿಯ ಮಗ್ಗುಲಲ್ಲಿಟ್ಟು ಧ್ಯಾನಿಸಿದರು. 1223ರಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸರು ಗ್ರೆಚ್ಚೊ ಎಂಬ ಇಟಲಿಯ ಹಳ್ಳಿಯಲ್ಲಿ ಕ್ರಿಸ್ತಜಯಂತಿಯನ್ನು ಆಚರಿಸಿದಾಗ ಹುಲ್ಲು ತುಂಬಿದ ಗೋದಲಿಯ ಬಳಿ ಜೀವಂತ ಎತ್ತನ್ನೂ ಕತ್ತೆಯನ್ನೂ ತಂದು ನಿಲ್ಲಿಸಿದರು. ಆದ್ದರಿಂದ ನಮ್ಮ ಮಕ್ಕಳು ಮಣ್ಣಿನ ಎತ್ತನ್ನು ಗೋದಲಿಯಲ್ಲಿಟ್ಟಾಗ, ತಮಗರಿವಿಲ್ಲದೆಯೇ ಹಳೆಯ ಒಡಂಬಡಿಕೆಯ ಒಂದು ವಚನವನ್ನೇ ಅಲ್ಲಿ ಇಟ್ಟಿರುತ್ತಾರೆ. ಆ ವಚನ ನಮ್ಮನ್ನು ಹೊಗಳುವ ವಚನವಲ್ಲ. ದನಕ್ಕಿರುವ ಗುರುತು ನಿಮಗಿದೆಯೇ ಎಂದು ಅದು ಕೇಳುತ್ತಿದೆ.

ಈ ಗುರುತಿನ ವಿಷಯವಾಗಿಯೇ ಈ ಸಂಜೆ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ದೇವರು ಕೊಡುತ್ತೇನೆಂದು ಮಾತು ಕೊಟ್ಟ ಮೆಸ್ಸೀಯರನ್ನು ಪವಿತ್ರ ಗ್ರಂಥದಲ್ಲಿ ನಾವು ಹೇಗೆ ಕಾಣಬೇಕು? ಹಾಗೆ ಕಂಡವರು ಯಾರು, ಗ್ರಂಥವನ್ನು ಕೈಯಲ್ಲಿಟ್ಟುಕೊಂಡೂ ಕಾಣದೆ ಹೋದವರು ಯಾರು?

ಮೊದಲು ಹೆಸರನ್ನು ತಿಳಿಯೋಣ. ಮೆಸ್ಸೀಯ ಎಂಬುದು ಹೀಬ್ರೂ ಭಾಷೆಯ ಶಬ್ದ. ಗ್ರೀಕಿನಲ್ಲಿ ಅದೇ ಕ್ರಿಸ್ತ. ನಮ್ಮ ಮಾತಿನಲ್ಲಿ ಅಭಿಷಿಕ್ತ, ಎಂದರೆ ಎಣ್ಣೆಯಿಂದ ಅಭಿಷೇಕ ಹೊಂದಿದವನು. ಇಸ್ರಯೇಲಿನಲ್ಲಿ ಅರಸರಿಗೂ ಯಾಜಕರಿಗೂ ಈ ಅಭಿಷೇಕವಾಗುತ್ತಿತ್ತು. ಸೌಲನು ಅಭಿಷಿಕ್ತ, ದಾವೀದನು ಅಭಿಷಿಕ್ತ. ಯೆಶಾಯನ 45ನೆಯ ಅಧ್ಯಾಯದಲ್ಲಿ, ಇಸ್ರಯೇಲಿನ ದೇವರನ್ನು ಅರಿಯದ ಪರ್ಷಿಯಾದ ಅರಸ ಸೈರಸ್ ಕೂಡ ಈ ಹೆಸರನ್ನು ಪಡೆದಿದ್ದಾನೆ. ಸೆರೆಯಲ್ಲಿದ್ದ ಜನರನ್ನು ಊರಿಗೆ ಕಳುಹಿಸಿದವನು ಅವನು. ಪವಿತ್ರ ವಾರದಲ್ಲಿ ನಮ್ಮ ಧರ್ಮಾಧ್ಯಕ್ಷರು ಪವಿತ್ರೀಕರಿಸುವ ತೈಲದಿಂದ ನಿಮಗೆ ಜ್ಞಾನಸ್ನಾನದಲ್ಲಿ ಅಭಿಷೇಕವಾಗಿದೆಯಲ್ಲ, ಆ ತೈಲದ ಹೆಸರೂ ಕ್ರಿಸ್ತ ಎಂಬ ಹೆಸರೂ ಗ್ರೀಕಿನಲ್ಲಿ ಒಂದೇ ಬೇರಿನಿಂದ ಹುಟ್ಟಿದವು. ಯೇಸುಕ್ರಿಸ್ತ ಎನ್ನುವಾಗ ಕ್ರಿಸ್ತ ಎಂಬುದು ಮನೆತನದ ಹೆಸರಲ್ಲ. ಯೇಸುವೇ ಮೆಸ್ಸೀಯ ಎಂಬ ವಿಶ್ವಾಸವನ್ನು ನಾವು ಪ್ರತಿ ಸಲವೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದೇವೆ.

ಈ ಅಭಿಷಿಕ್ತನ ನಿರೀಕ್ಷೆಗೆ ಮೂಲವಾದ ಮಾತು ಸಮುವೇಲನ ಎರಡನೆಯ ಗ್ರಂಥದ 7ನೆಯ ಅಧ್ಯಾಯದಲ್ಲಿದೆ. ದೇವಾಲಯದ ನೂರು ವರ್ಷಗಳನ್ನು ಕೊಂಡಾಡುತ್ತಿರುವ ನಾವು ಅದನ್ನು ವಿಶೇಷವಾಗಿ ಕೇಳಬೇಕು. ದಾವೀದನು ದೇವರಿಗೊಂದು ಮನೆ ಕಟ್ಟಿಸಬೇಕೆಂದು ಬಯಸಿದ. ಪ್ರವಾದಿ ನಾತಾನನ ಮೂಲಕ ದೇವರಿಂದ ಬಂದ ಉತ್ತರ ತಿರುವುಮುರುವಾಗಿತ್ತು: ನೀನು ನನಗೆ ಮನೆ ಕಟ್ಟುವುದಲ್ಲ, ನಾನೇ ನಿನಗೆ ಮನೆ ಕಟ್ಟುವೆನು ಎಂಬುದು ಅದರ ತಾತ್ಪರ್ಯ. ದಾವೀದನು ಹೇಳಿದ್ದು ಕಲ್ಲಿನ ಮನೆಯನ್ನು, ದೇವರು ಹೇಳಿದ್ದು ಮನೆತನವನ್ನು. ಹೀಬ್ರೂವಿನಲ್ಲಿ ಎರಡಕ್ಕೂ ಒಂದೇ ಪದ. ಕನ್ನಡದಲ್ಲಿಯೂ ದೊಡ್ಡ ಮನೆಯವರು ಎಂದರೆ ನಾವು ಗೋಡೆಯನ್ನು ಕುರಿತು ಹೇಳುವುದಿಲ್ಲವಷ್ಟೆ. ಆ ಮನೆತನದ ಸಿಂಹಾಸನ ಎಂದೆಂದಿಗೂ ನಿಲ್ಲುವುದೆಂಬ ವಾಗ್ದಾನವೇ ಮುಂದಿನ ಸಾವಿರ ವರ್ಷಗಳ ನಿರೀಕ್ಷೆಯ ಬೇರು.

ಇನ್ನು ಕಠಿಣವಾದ ಒಂದು ವಿಷಯಕ್ಕೆ ಬರುತ್ತೇನೆ. ಕಾಲೇಜಿಗೆ ಹೋಗುವ ನಮ್ಮ ಹುಡುಗರು ಇದನ್ನು ಕೇಳುತ್ತಾರೆ. ಕೇಳುವುದು ತಪ್ಪೆಂದು ನಾನು ಭಾವಿಸುವುದಿಲ್ಲ. ಯೆಶಾಯನ 7ನೆಯ ಅಧ್ಯಾಯದ 14ನೆಯ ವಚನ, ಎಂದರೆ ಕನ್ಯೆ ಗರ್ಭವತಿಯಾಗಿ ಪಡೆಯುವ ಮಗನಿಗೆ ಇಮ್ಮಾನುವೇಲ್ ಎಂಬ ಹೆಸರಾಗುವುದೆಂಬ ಮಾತು, ನಿಜವಾಗಿಯೂ ಯೇಸುವನ್ನು ಕುರಿತು ಹೇಳಿದ್ದೇ?

ಆ ಸಂದರ್ಭವನ್ನು ನೋಡೋಣ. ಕ್ರಿಸ್ತಪೂರ್ವ 734ರ ಸುಮಾರಿಗೆ ಜುದೇಯ ರಾಜ್ಯವನ್ನು ಆಹಾಜನೆಂಬ ಅರಸ ಆಳುತ್ತಿದ್ದ. ಉತ್ತರದ ಇಬ್ಬರು ಅರಸರು, ದಮಸ್ಕದವನೂ ಸಮಾರಿಯದವನೂ, ಒಂದಾಗಿ ಜೆರುಸಲೇಮಿನ ಮೇಲೆ ದಂಡೆತ್ತಿ ಬಂದರು. ಗಾಳಿಗೆ ಕಾಡಿನ ಮರಗಳು ನಡುಗುವಂತೆ ಅರಸನ ಎದೆಯೂ ಪ್ರಜೆಗಳ ಎದೆಯೂ ನಡುಗಿದವು. ಯೆಶಾಯನು ಅರಸನನ್ನು ಕಾಣಲು ಹೋದದ್ದು ಅರಮನೆಗಲ್ಲ. ಮೇಲಿನ ಕೆರೆಯ ಕಾಲುವೆಯ ಬಳಿಗೆ. ಮುತ್ತಿಗೆ ಬಿದ್ದರೆ ಪಟ್ಟಣಕ್ಕೆ ನೀರಿನ ಗತಿಯೇನು ಎಂಬ ಚಿಂತೆಯಿಂದಲೇ ಅರಸ ಅಲ್ಲಿಗೆ ಬಂದಿದ್ದಿರಬೇಕು. ಹತ್ತಿಕುಣಿ ಜಲಾಶಯದ ಏರಿಯ ಮೇಲೆ ನಿಂತು ನೀರಿನ ಮಟ್ಟವನ್ನು ಕಣ್ಣಳತೆಯಲ್ಲಿ ಅಳೆಯುವ ನಿಮಗೆ ಆ ಅರಸನ ಮುಖವನ್ನು ಊಹಿಸುವುದು ಕಷ್ಟವಲ್ಲ. ಹೆದರಬೇಡ, ದೇವರಲ್ಲಿ ಭರವಸೆಯಿಡು, ಬೇಕಿದ್ದರೆ ಒಂದು ಗುರುತನ್ನು ಕೇಳಿಕೋ ಎಂದ ಯೆಶಾಯ. ಅಸ್ಸೀರಿಯದ ಚಕ್ರವರ್ತಿಯ ಮೊರೆಹೋಗುವ ಹಂಚಿಕೆಯಲ್ಲಿದ್ದ ಆಹಾಜನು, ದೇವರನ್ನು ಪರೀಕ್ಷಿಸಲಾರೆನೆಂಬ ಭಕ್ತಿಯ ಮಾತನ್ನಾಡಿ ನುಣುಚಿಕೊಂಡ. ಆಗ ಪ್ರವಾದಿ ತಾನಾಗಿಯೇ ಗುರುತನ್ನು ಹೇಳಿದ: ಒಂದು ಮಗು ಹುಟ್ಟುವುದು, ಅದಕ್ಕೆ ಒಳಿತು ಕೆಡಕುಗಳ ತಿಳಿವು ಬರುವ ಮುಂಚೆಯೇ ನಿನ್ನನ್ನು ನಡುಗಿಸುವ ಆ ಇಬ್ಬರು ಅರಸರ ನಾಡು ಪಾಳುಬೀಳುವುದು. ಹಾಗೆಯೇ ಆಯಿತು. ಕ್ರಿಸ್ತಪೂರ್ವ 732ರಲ್ಲಿ ದಮಸ್ಕ ಬಿತ್ತು. ಹತ್ತು ವರ್ಷಗಳ ತರುವಾಯ ಸಮಾರಿಯವೂ ಬಿತ್ತು.

ಹೀಬ್ರೂ ಮೂಲದಲ್ಲಿ ಆ ತಾಯಿಗೆ ಬಳಸಿರುವ ಪದ ಅಲ್ಮಾ. ಪ್ರಾಯದ ಹೆಣ್ಣು ಎಂದು ಅದರ ಅರ್ಥ. ಕ್ರಿಸ್ತರ ಜನನಕ್ಕೆ ಬಹಳ ಮುಂಚೆಯೇ ಯೆಹೂದ್ಯ ವಿದ್ವಾಂಸರು ಆ ಗ್ರಂಥವನ್ನು ಗ್ರೀಕಿಗೆ ತಂದಾಗ ಅಲ್ಲಿ ಪಾರ್ಥೆನೋಸ್, ಎಂದರೆ ಕನ್ಯೆ, ಎಂಬ ಪದವನ್ನಿಟ್ಟರು. ಸಂತ ಮತ್ತಾಯರು ಓದಿದ್ದು ಈ ಗ್ರೀಕ್ ಪಾಠವನ್ನು. ಹಾಗಾದರೆ ಮತ್ತಾಯರು ಹಳೆಯ ವಚನವೊಂದನ್ನು ಹುಡುಕಿ ಅದಕ್ಕೆ ತಕ್ಕಂತೆ ಕಥೆ ಹೆಣೆದರೇ? ಇಲ್ಲ. ಸಂತ ಲೂಕರು ಆ ವಚನವನ್ನು ಉದ್ಧರಿಸುವುದೇ ಇಲ್ಲ. ಆದರೂ ಮಾತೆ ಮರಿಯಮ್ಮನವರು ಪವಿತ್ರಾತ್ಮರಿಂದ ಗರ್ಭಧರಿಸಿದರೆಂದು ಅವರೂ ಸ್ಪಷ್ಟವಾಗಿ ಸಾರುತ್ತಾರೆ. ಅಂದಮೇಲೆ ಮೊದಲು ನಡೆದದ್ದು ಘಟನೆ. ಆ ಘಟನೆಯ ಬೆಳಕಿನಲ್ಲಿ ಗ್ರಂಥವನ್ನು ತೆರೆದಾಗ, ಆಹಾಜನ ಕಾಲದಲ್ಲಿ ಆಡಿದ ಮಾತು ಆಹಾಜನ ಕಾಲಕ್ಕೇ ಮುಗಿದಿರಲಿಲ್ಲವೆಂಬುದು ತಿಳಿಯಿತು. ಅಂದು ಹುಟ್ಟಿದ ಕೂಸು ಆಹಾಜನ ಮಗ ಹಿಜ್ಕೀಯನೇ ಇರಬಹುದೆಂದು ಕೆಲವರ ಅಭಿಪ್ರಾಯ. ಅವನು ಒಳ್ಳೆಯ ಅರಸ, ನಿಜ. ಆದರೆ ದೇವರು ನಮ್ಮೊಡನೆ ಎಂಬ ಹೆಸರನ್ನು ತುಂಬುವಷ್ಟು ದೊಡ್ಡವನಲ್ಲ. ಅಂಗಿ ದೊಡ್ಡದಿತ್ತು, ತೊಟ್ಟುಕೊಳ್ಳುವವರು ಇನ್ನೂ ಹುಟ್ಟಬೇಕಾಗಿತ್ತು.

ನನಗೆ ಇದಕ್ಕಿಂತಲೂ ದೊಡ್ಡ ಸೋಜಿಗವಾಗಿ ಕಾಣುವುದು ಬೇರೊಂದಿದೆ. ಕ್ರಿಸ್ತಪೂರ್ವ 587ರ ಸುಮಾರಿಗೆ ಬಾಬಿಲೋನಿನವರು ಜೆರುಸಲೇಮನ್ನು ಸುಟ್ಟರು. ದಾವೀದನ ಸಿಂಹಾಸನವೇ ಇಲ್ಲವಾಯಿತು. ಎಂದೆಂದಿಗೂ ಎಂಬ ವಾಗ್ದಾನ ಕಣ್ಣೆದುರಿಗೆ ಬೂದಿಯಾದಾಗ, ಆ ಗ್ರಂಥಗಳನ್ನು ಬೆಂಕಿಗೆ ಹಾಕುವುದು ಸಹಜವಾಗಿತ್ತು. ಆ ಜನ ಹಾಗೆ ಮಾಡಲಿಲ್ಲ. ಅರಸನಿಲ್ಲದ ಆರು ಶತಮಾನಗಳಲ್ಲಿ ಬರಲಿರುವ ಅರಸನ ಮಾತನ್ನು ತೊಗಲಿನ ಹಾಳೆಗಳ ಮೇಲೆ ಪ್ರತಿಮಾಡುತ್ತಲೇ ಹೋದರು. 1947ರಲ್ಲಿ ಮೃತ ಸಮುದ್ರದ ಬಳಿಯ ಗವಿಯೊಂದರಲ್ಲಿ ಯೆಶಾಯನ ಗ್ರಂಥದ ಪೂರ್ಣ ಸುರುಳಿಯೊಂದು ದೊರೆಯಿತು. 17 ತೊಗಲಿನ ಹಾಳೆಗಳನ್ನು ಹೊಲಿದು ಮಾಡಿದ, 7 ಮೀಟರಿಗಿಂತ ಉದ್ದವಾದ ಸುರುಳಿ. ಪ್ರಭುವಿನ ಜನನಕ್ಕೆ ನೂರು ವರ್ಷಕ್ಕೂ ಹಿಂದೆ ಬರೆದದ್ದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಕ್ರೈಸ್ತರು ಆಮೇಲೆ ಸೇರಿಸಿಕೊಂಡರೆಂಬ ಆಕ್ಷೇಪಕ್ಕೆ ಅಲ್ಲಿ ಎಡೆಯಿಲ್ಲ.

ನಮ್ಮ ಎರೆಹೊಲಗಳ ಹಿಂಗಾರಿ ಜೋಳವನ್ನು ನೋಡಿ. ಬಿತ್ತುವಾಗ ಮಳೆಗಾಲ ಮುಗಿಯುತ್ತ ಬಂದಿರುತ್ತದೆ. ಆಮೇಲೆ ತಿಂಗಳುಗಟ್ಟಲೆ ಹನಿ ಬೀಳದಿದ್ದರೂ ಬೆಳೆ ನಿಲ್ಲುತ್ತದೆ. ಕರಿಮಣ್ಣು ತನ್ನೊಳಗೆ ಹಿಡಿದಿಟ್ಟುಕೊಂಡ ತೇವವೇ ಅದಕ್ಕೆ ಆಧಾರ. ಆ ಆರು ಶತಮಾನಗಳ ಇಸ್ರಯೇಲಿನ ನಿರೀಕ್ಷೆ ಅಂಥದ್ದು.

ಈ ಗ್ರಂಥವನ್ನು ನಾವು ಹೇಗೆ ಓದುತ್ತಿದ್ದೇವೆ? ಕೆಲವರು ಮುನ್ನೂರು ಭವಿಷ್ಯವಾಣಿಗಳ ಪಟ್ಟಿಯಿರುವ ಕರಪತ್ರಗಳನ್ನು ಹಂಚುತ್ತಾರೆ. ಎಡಕ್ಕೆ ಹಳೆಯ ವಚನ, ಬಲಕ್ಕೆ ಹೊಸ ವಚನ, ಲೆಕ್ಕ ಸರಿಹೊಂದಿತು! ಪಂಚಾಂಗ ನೋಡುವಂತೆ ಪ್ರವಾದಿಗಳನ್ನು ನೋಡುವ ಈ ಪದ್ಧತಿ ನನಗೆ ರುಚಿಸದು. ಯೆಶಾಯನ ಕಣ್ಣೀರಾಗಲಿ ಆಹಾಜನ ಭಯವಾಗಲಿ ಅಂಥ ಪಟ್ಟಿಯೊಳಗೆ ಬರುವುದಿಲ್ಲ. ಆದರೆ ಅವರನ್ನು ಟೀಕಿಸುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಅವರು ಗ್ರಂಥವನ್ನಾದರೂ ತೆರೆದಿದ್ದಾರೆ.

ನಮ್ಮ ಹಿರಿಯರ ಸ್ಥಿತಿ ಬೇರೆಯಾಗಿತ್ತು. ಬಿಜಾಪುರದ ಆದಿಲ್‌ಶಾಹಿಗಳ ಕಾಲದಿಂದಲೂ ಮುದಗಲ್ಲಿನಲ್ಲಿ ಕಥೋಲಿಕರಿದ್ದಾರೆ. 17ನೆಯ ಶತಮಾನದಲ್ಲಿ ಶ್ರೀರಂಗಪಟ್ಟಣದಲ್ಲಿ ಸೇವೆಗೈದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರು ಕನ್ನಡ ಕಲಿತು ವ್ಯಾಕರಣವನ್ನೂ ಧರ್ಮೋಪದೇಶದ ಪುಸ್ತಕವನ್ನೂ ಬರೆದರು. ನಮ್ಮವರ ಕೈಗೆ ಬಂದದ್ದು ಜಪಮಾಲೆ, ಧರ್ಮೋಪದೇಶ, ಹಾಡು. ಅವುಗಳಿಂದಲೇ ಅವರು ಕ್ರಿಸ್ತರನ್ನು ಗಾಢವಾಗಿ ಅರಿತರು. ಅದನ್ನು ಕಡೆಗಣಿಸುವ ಅಧಿಕಾರ ನನಗಿಲ್ಲ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತವರ ಸಂಗಡಿಗರ ದುಡಿಮೆಯಿಂದ, 1831ರ ಹೊತ್ತಿಗೆ. ಆ ಋಣವನ್ನು ನಮ್ಮ ಪ್ರೊಟೆಸ್ಟಂಟ್ ಸಹೋದರರಿಗೆ ನಾವು ಸಂತೋಷದಿಂದಲೇ ಒಪ್ಪಿಕೊಳ್ಳಬೇಕು. ಅವರ ಮನೆಗಳಲ್ಲಿ ಗ್ರಂಥವನ್ನು ದಿನವೂ ಓದುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಅದು ಹೆಚ್ಚಾಗಿ ಬಲಿಪೀಠದ ಮೇಲಿನ ವಸ್ತುವಾಗಿತ್ತು. ನಿಮ್ಮಲ್ಲಿ ಎಂಬತ್ತು ದಾಟಿದವರಿಗೆ ಲತೀನ್ ಪೂಜೆಯ ನೆನಪಿರಬಹುದು. ಆಗ ಕ್ರಿಸ್ತಜಯಂತಿಯ ಮೂರು ಬಲಿಪೂಜೆಗಳಿಗೂ ಮೊದಲ ವಾಚನ ತೀತನಿಗೆ ಬರೆದ ಪತ್ರದಿಂದ, ಇಲ್ಲವೆ ಹಿಬ್ರಿಯರಿಗೆ ಬರೆದ ಪತ್ರದಿಂದ. ಯೆಶಾಯನ ಧ್ವನಿ ಪ್ರವೇಶಗೀತೆಯಲ್ಲಿ ಲತೀನಿನಲ್ಲಿ ಕೇಳಿಬರುತ್ತಿತ್ತೇ ಹೊರತು ವಾಚನವಾಗಿ ಜನರ ಕಿವಿಗೆ ಬೀಳುತ್ತಿರಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ದೈವವಾಕ್ಯವನ್ನು ಕುರಿತ ಶಾಸನವನ್ನು ಹೊರಡಿಸಿ, ಗ್ರಂಥದ ಬಾಗಿಲು ಎಲ್ಲ ಭಕ್ತರಿಗೂ ಅಗಲವಾಗಿ ತೆರೆದಿರಬೇಕೆಂದು ವಿಧಿಸಿತು. 1969ರ ಆಗಮನ ಕಾಲದಿಂದ ಹೊಸ ವಾಚನಕ್ರಮ ಜಾರಿಗೆ ಬಂದಿತು. ಅಂದಿನಿಂದ ಕ್ರಿಸ್ತಜಯಂತಿಯ ನಡುರಾತ್ರಿಯ ಪೂಜೆಯಲ್ಲಿ ಮೊದಲು ಕೇಳುವುದು ಯೆಶಾಯನ 9ನೆಯ ಅಧ್ಯಾಯ: ಕತ್ತಲಲ್ಲಿ ನಡೆಯುವ ಜನರಿಗೆ ಬೆಳಕು, ಸುಗ್ಗಿಯ ಕಾಲದ ಹಿಗ್ಗು, ಮುರಿದ ನೊಗ, ಹುಟ್ಟಿದ ಕೂಸು. ತೊಗರಿಯ ರಾಶಿ ಮಾಡುವ ದಿನಗಳಲ್ಲಿಯೇ ನಮಗೆ ಈ ವಾಚನ ಬರುವುದು ಎಷ್ಟು ಚೆಂದ! ಆದರೂ ಅದನ್ನು ಓದುತ್ತಿರುವಾಗ ಅರ್ಧ ಜನ ಹೊಸ ಬಟ್ಟೆ ಸರಿಪಡಿಸಿಕೊಳ್ಳುತ್ತಿರುತ್ತಾರೆ ಎಂಬುದನ್ನು ನಾನು ಬಲಿಪೀಠದಿಂದ ಕಾಣುತ್ತಿರುತ್ತೇನೆ.

ಓದು ಬಾರದವರು ಏನು ಮಾಡಬೇಕು ಎಂದು ತಾಯಂದಿರು ಕೇಳಬಹುದು. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆ ಸಾಕ್ಷರತೆಯಲ್ಲಿ ರಾಜ್ಯದಲ್ಲಿಯೇ ಕೊನೆಯದು. ನೂರಕ್ಕೆ ಸುಮಾರು 52 ಮಂದಿಗೆ ಮಾತ್ರ ಓದು ಬರಹ. ಅವರಿಗಾಗಿಯೇ ಸಂತ ಲೂಕರು ಸಿಮೆಯೋನನನ್ನೂ ಅನ್ನಳನ್ನೂ ಬರೆದಿಟ್ಟಿದ್ದಾರೆನಿಸುತ್ತದೆ. ಡಿಸೆಂಬರ್ 29 ಮತ್ತು 30ರ ವಾಚನಗಳಲ್ಲಿ ಇವರಿಬ್ಬರನ್ನೂ ನೀವು ಕಂಡಿರಿ. ಅನ್ನಳು ಆಶೇರನ ಕುಲದ ಫನುವೇಲನ ಮಗಳು. ಮದುವೆಯಾಗಿ ಏಳೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು 84ರ ಮುಪ್ಪನ್ನು ಕಂಡ ವಿಧವೆ. ಅಂದು ಗ್ರಂಥದ ಸುರುಳಿಗಳು ಬಡವರ ಮನೆಗೆ ಬರುವಂಥವಲ್ಲ. ಆಕೆ ದೇವಾಲಯದಲ್ಲಿ ಕೇಳಿದಳು, ಬಾಯಲ್ಲಿ ಉಳಿಸಿಕೊಂಡಳು, ಅದನ್ನೇ ಪ್ರಾರ್ಥಿಸಿದಳು. ಸಿಮೆಯೋನನು ಇಸ್ರಯೇಲಿನ ಸಾಂತ್ವನಕ್ಕಾಗಿ ಕಾಯುತ್ತಿದ್ದನೆಂದು ಲೂಕರು ಹೇಳುತ್ತಾರೆ. ಆ ಸಾಂತ್ವನದ ಮಾತು ಯೆಶಾಯನ 40ನೆಯ ಅಧ್ಯಾಯದ್ದು. ಕೂಸನ್ನು ತೋಳಿನಲ್ಲಿ ತೆಗೆದುಕೊಂಡು ಅವನು ಆಡಿದ ಮಾತಿನಲ್ಲಿ ಅನ್ಯಜನಗಳಿಗೆ ಬೆಳಕಾಗುವ ಸೇವಕನನ್ನು ಕುರಿತ ಯೆಶಾಯನ ವಚನಗಳ ಪ್ರತಿಧ್ವನಿಯಿದೆ. ಅಂದು ದೇವಾಲಯದಲ್ಲಿ ಎಷ್ಟು ಕೂಸುಗಳು ಬಂದಿದ್ದವೋ! ಎರಡು ಪಕ್ಷಿಗಳ ಬಡವರ ಕಾಣಿಕೆ ಹಿಡಿದು ಬಂದ ಈ ದಂಪತಿಗಳನ್ನು ಗುರುತಿಸಿದವರು ಇಬ್ಬರು ಮುದುಕರು. ಕೇಳಿ ಕೇಳಿ ಗ್ರಂಥವೇ ಅವರ ಕಣ್ಣಾಗಿತ್ತು.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರವನ್ನು ಸಂತ ಮತ್ತಾಯರು ಬರೆದಿದ್ದಾರೆ. ಪೂರ್ವದೇಶದ ಜ್ಞಾನಿಗಳು ಜೆರುಸಲೇಮಿಗೆ ಬಂದು, ಯೆಹೂದ್ಯರ ಅರಸನಾಗಿ ಹುಟ್ಟಿದವನು ಎಲ್ಲಿ ಎಂದು ಕೇಳಿದರು. ಹೆರೋದನು ಮುಖ್ಯಯಾಜಕರನ್ನೂ ಶಾಸ್ತ್ರಜ್ಞರನ್ನೂ ಕರೆಸಿದ. ಅವರು ತಡವರಿಸಲಿಲ್ಲ. ಜುದೇಯದ ಬೆತ್ಲೆಹೇಮಿನಲ್ಲಿ ಎಂದರು; ಪ್ರವಾದಿ ಮೀಕನ 5ನೆಯ ಅಧ್ಯಾಯವನ್ನು ಒಪ್ಪಿಸಿದರು. ಉತ್ತರ ಸರಿಯಾಗಿತ್ತು. ಜೆರುಸಲೇಮಿನಿಂದ ಬೆತ್ಲೆಹೇಮಿಗೆ ಇರುವ ದೂರ ಸುಮಾರು 9 ಕಿಲೋಮೀಟರು. ತಲೆಯ ಮೇಲೆ ಬುತ್ತಿ ಹೊತ್ತು ಯಾದಗಿರಿಯ ಸಂತೆಗೆ ನಡೆದು ಹೋಗುತ್ತಿದ್ದ ನಮ್ಮ ಹಿರಿಯರಿಗೆ ಅದೊಂದು ದೂರವೇ ಅಲ್ಲ. ಆ ಶಾಸ್ತ್ರಜ್ಞರಲ್ಲಿ ಒಬ್ಬನಾದರೂ ಎದ್ದು ಹೋದನೆಂದು ಮತ್ತಾಯರು ಬರೆದಿಲ್ಲ. ಗ್ರಂಥವಿಲ್ಲದ ಪರದೇಶದವರು ಹೋದರು. ಗ್ರಂಥವಿದ್ದವರು ವಿಳಾಸ ಕೊಟ್ಟು ಕುಳಿತರು. ಗುರುಮಠದಲ್ಲಿ ವರ್ಷಗಟ್ಟಲೆ ಗ್ರಂಥಾಧ್ಯಯನ ಮಾಡಿದ ನನ್ನಂಥವರಿಗೆ ಶುಭಸಂದೇಶದಲ್ಲಿ ಇದಕ್ಕಿಂತ ಭಯಂಕರವಾದ ಪುಟ ಮತ್ತೊಂದಿಲ್ಲ.

ಮೀಕನ ವಿಚಾರವನ್ನು ಇನ್ನಷ್ಟು ಹೇಳಬೇಕು. ಅವನು ನಮ್ಮಂಥ ಹಳ್ಳಿಯ ಪ್ರವಾದಿ. ಯೆಶಾಯನು ರಾಜಧಾನಿಯಲ್ಲಿದ್ದವನು, ಅರಸರೊಡನೆ ಮಾತನಾಡಿದವನು. ಅದೇ ಕಾಲದ ಮೀಕನು ಮೋರೆಷೆತ್ ಎಂಬ ಊರಿನವನು. ಬಡವರ ಹೊಲಮನೆಗಳನ್ನು ಕಸಿದುಕೊಳ್ಳುವವರನ್ನು ಕಂಡು ಕುದಿದವನು. ಮುಂದಿನ ಅರಸ ಜೆರುಸಲೇಮಿನ ಅರಮನೆಯಿಂದಲ್ಲ, ಲೆಕ್ಕಕ್ಕೂ ಸಿಗದ ಸಣ್ಣ ಬೆತ್ಲೆಹೇಮಿನಿಂದ ಬರುವನೆಂದು ಅವನು ಸಾರಿದ. ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ಆದರೆ ರೂತಳ ಗ್ರಂಥ ಶುರುವಾಗುವುದೇ ಆ ರೊಟ್ಟಿಯ ಮನೆಯಲ್ಲಿ ಬರ ಬಿದ್ದು, ನವೊಮಿಯ ಕುಟುಂಬ ಮೋವಾಬ್ ನಾಡಿಗೆ ಗುಳೆ ಹೋಗುವುದರಿಂದ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಅಲ್ಲಿಯೇ ಮಣ್ಣು ಮಾಡಿ ಆಕೆ ಬರಿಗೈಯಲ್ಲಿ ಹಿಂತಿರುಗಿದಳು. ಜೊತೆಗೆ ಬಂದವಳು ಪರದೇಶದ ಸೊಸೆ ರೂತಳೊಬ್ಬಳೇ. ಸುಗ್ಗಿಯಲ್ಲಿ ಬಿದ್ದ ತೆನೆಗಳನ್ನು ಆಯ್ದು ಅತ್ತೆಯನ್ನು ಸಾಕಿದ ಆ ರೂತಳೇ ಅರಸ ದಾವೀದನ ಮುತ್ತಜ್ಜಿ. ಮತ್ತಾಯರು ಪ್ರಭುವಿನ ವಂಶಾವಳಿಯಲ್ಲಿ ಆಕೆಯ ಹೆಸರನ್ನು ಬರೆದಿದ್ದಾರೆ. ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ನಮ್ಮ ಕುಟುಂಬಗಳು ಮೆಸ್ಸೀಯರ ವಂಶಾವಳಿಯನ್ನು ಓದುವಾಗ ತಮ್ಮದೇ ಮನೆಯ ಕಥೆಯನ್ನು ಓದುತ್ತವೆ.

ಆದಕಾರಣ ಡಿಸೆಂಬರ್ 28ರ ಹಬ್ಬವನ್ನು ನಾವು ಹಾರಿಸಿಬಿಡಬಾರದು. ಹೆರೋದನು ಕೊಲ್ಲಿಸಿದ ಮುಗ್ಧ ಕಂದಮ್ಮಗಳ ಹಬ್ಬ ಅದು. ಅಲ್ಲಿ ಮತ್ತಾಯರು ನೆನೆಯುವುದು ಪ್ರವಾದಿ ಯೆರೆಮೀಯನ 31ನೆಯ ಅಧ್ಯಾಯದಲ್ಲಿ ತನ್ನ ಮಕ್ಕಳಿಗಾಗಿ ಅಳುವ ರಾಖೇಲಳನ್ನು. ರಾಮಾ ಎಂಬ ಊರಿನಲ್ಲಿ ಆ ಅಳು ಕೇಳಿಸಿತು. ಬಾಬಿಲೋನಿಗೆ ಸೆರೆಯಾಳುಗಳನ್ನು ಸಂಕೋಲೆ ತೊಡಿಸಿ ಕೂಡಿಹಾಕಿದ್ದ ಊರು ಅದೇ. ಯಾವ ಮಾತಿನ ಸಮಾಧಾನವನ್ನೂ ಒಲ್ಲದ ತಾಯಿ ಆಕೆ. ಮತ್ತಾಯರು ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಗ್ರಂಥವನ್ನು ಬಲ್ಲ ಅವರ ಓದುಗರಿಗೆ ಯೆರೆಮೀಯನ ಮುಂದಿನ ಮಾತು ಗೊತ್ತಿತ್ತು: ಅಳುವನ್ನು ತಡೆ, ನಿನ್ನ ಮಕ್ಕಳು ತಮ್ಮ ಸೀಮೆಗೆ ಹಿಂತಿರುಗುವರು. ಗ್ರಂಥವನ್ನು ತುಂಡು ತುಂಡಾಗಿ ಅಲ್ಲದೆ ಇಡಿಯಾಗಿ ಓದಬೇಕೆಂದು ನಾನು ಹೇಳುವುದು ಇದಕ್ಕಾಗಿ. ಮಗನನ್ನು ಕಟ್ಟಡದ ಕೆಲಸದಲ್ಲಿ ಕಳೆದುಕೊಂಡ ತಾಯಿಯ ಮನೆಗೆ ಹೋದಾಗ ನನ್ನಲ್ಲಿ ಬೇರೆ ಯಾವ ಮಾತೂ ಇರುವುದಿಲ್ಲ. ಆ 31ನೆಯ ಅಧ್ಯಾಯ ಮಾತ್ರ ಇರುತ್ತದೆ. ಅದನ್ನು ಮೆಲ್ಲಗೆ ಓದುತ್ತೇನೆ.

ಒಂದು ಎಚ್ಚರಿಕೆ. ಯೆಹೂದ್ಯರು ಕುರುಡರಾಗಿದ್ದುದರಿಂದ ತಮ್ಮ ಮೆಸ್ಸೀಯರನ್ನು ಗುರುತಿಸಲಿಲ್ಲವೆಂದು ಹಗುರವಾಗಿ ಮಾತನಾಡುವ ಅಭ್ಯಾಸ ನಮ್ಮಲ್ಲಿ ಇದೆ, ಅದನ್ನು ಬಿಡಬೇಕು. ಮಾತೆ ಮರಿಯಮ್ಮನವರು ಯೆಹೂದ್ಯರು, ಜೋಸೆಫರು, ಸಿಮೆಯೋನ, ಅನ್ನ, ಹನ್ನೆರಡು ಪ್ರೇಷಿತರು ಎಲ್ಲರೂ ಯೆಹೂದ್ಯರು. ಯೆಹೂದ್ಯರ ಮೆಸ್ಸೀಯ ನಿರೀಕ್ಷೆ ವ್ಯರ್ಥವಾದದ್ದಲ್ಲವೆಂದು ಪೋಪರ ಬೈಬಲ್ ಆಯೋಗವು 2001ರಲ್ಲಿ ಪ್ರಕಟಿಸಿದ ದಸ್ತಾವೇಜಿನಲ್ಲಿ ಸ್ಪಷ್ಟಪಡಿಸಿದೆ. ಅಲ್ಲದೆ, ಪ್ರೇಷಿತರು ಕೂಡ ಸುಲಭವಾಗಿ ಗುರುತಿಸಲಿಲ್ಲ. ಅವರು ಎದುರುನೋಡುತ್ತಿದ್ದುದು ರೋಮನರನ್ನು ಓಡಿಸುವ ಅರಸನನ್ನು. ಯೆಶಾಯನ 53ನೆಯ ಅಧ್ಯಾಯದ ಸೇವಕನನ್ನು, ಜನರ ಪಾಪವನ್ನು ಹೊತ್ತು ಕುರಿಮರಿಯಂತೆ ಬಾಯಿ ತೆರೆಯದೆ ಸತ್ತವನನ್ನು, ಯಾರು ತಾನೇ ಅರಸನೆಂದು ಎಣಿಸಿಯಾರು? ಎಮ್ಮಾವುಸಿನ ಹಾದಿಯಲ್ಲಿ ಪುನರುತ್ಥಾನಗೊಂಡ ಪ್ರಭುವೇ ಅಪರಿಚಿತರಂತೆ ಜೊತೆಗೂಡಿ, ಮೋಶೆಯಿಂದ ತೊಡಗಿ ಎಲ್ಲ ಪ್ರವಾದಿಗಳನ್ನೂ ಬಿಡಿಸಿ ಹೇಳಬೇಕಾಯಿತು. ಗ್ರಂಥವನ್ನು ಕೇಳುತ್ತ ಅವರ ಹೃದಯ ಉರಿಯಿತು. ಆದರೂ ಕಣ್ಣು ತೆರೆದದ್ದು ರೊಟ್ಟಿ ಮುರಿದಾಗ. ನಮ್ಮ ಬಲಿಪೂಜೆಯ ಎರಡು ಭಾಗಗಳು ಇವೇ. ಮೊದಲ ಭಾಗ ಮುಗಿದ ಮೇಲೆ ಬರುವವರಿಗೆ ಉರಿಯಬೇಕಾದ ಹೃದಯವೇ ಇರುವುದಿಲ್ಲ. ಇದನ್ನು ಯಾರನ್ನು ಕುರಿತು ಹೇಳುತ್ತಿದ್ದೇನೆಂದು ಅವರಿಗೆ ಗೊತ್ತು.

2019ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೈವವಾಕ್ಯದ ಭಾನುವಾರವೆಂದು ಸ್ಥಾಪಿಸಿದರು. ಅಂದಿನವರೆಗೆ ಪ್ರತಿ ಮನೆಯಲ್ಲಿ ರಾತ್ರಿ ಊಟಕ್ಕೆ ಮುನ್ನ ಒಂದೊಂದು ಅಧ್ಯಾಯವನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಶಾಲೆಗೆ ಹೋಗುವ ಮಗು ಓದಲಿ. ಅಜ್ಜ ಅಜ್ಜಿ ಕೇಳಲಿ. ಅರ್ಥವಾಗದ್ದನ್ನು ಗುರುತು ಹಾಕಿಟ್ಟುಕೊಂಡು ನನ್ನಲ್ಲಿಗೆ ಬನ್ನಿ. ಯೆಶಾಯನ 7, 9, 11, 40, 42, 53, ಮೀಕನ 5, ಯೆರೆಮೀಯನ 31, ರೂತಳ ಗ್ರಂಥ ಇಡಿಯಾಗಿ, ಅದು ನಾಲ್ಕೇ ಅಧ್ಯಾಯ. ಊರು ಬಿಟ್ಟು ದುಡಿಯಲು ಹೋಗಿರುವ ಮಕ್ಕಳಿಗೆ ಫೋನಿನಲ್ಲಿಯೇ ಓದಿ ಕೇಳಿಸಬಹುದು.

ಇನ್ನು ಈ ಭಾನುವಾರ ಪ್ರಭುದರ್ಶನದ ಹಬ್ಬ, ಮೂವರು ಜ್ಞಾನಿಗಳ ಹಬ್ಬವೆಂದು ನಾವು ಕರೆಯುವುದು. ಮೊದಲ ವಾಚನ ಯೆಶಾಯನ 60ನೆಯ ಅಧ್ಯಾಯ. ಅದನ್ನು ಮನೆಯಲ್ಲಿ ಓದಿಕೊಂಡೇ ಬನ್ನಿ. ಚಿತ್ರಪಟಗಳಲ್ಲಿ ನೀವು ನೋಡುವ ಒಂಟೆಗಳು ಮತ್ತಾಯರಲ್ಲಿ ಇಲ್ಲ, ಅಲ್ಲಿವೆ; ಬೆಳಕಿನ ಕಡೆಗೆ ನಡೆದುಬರುವ ಅರಸರು ಅಲ್ಲಿದ್ದಾರೆ; ಚಿನ್ನವಿದೆ, ಧೂಪವೂ ಇದೆ. ಆದರೆ ಮೂರನೆಯ ಕಾಣಿಕೆಯಾದ ರಕ್ತಬೋಳವನ್ನು ಆ ಅಧ್ಯಾಯದಲ್ಲಿ ಎಷ್ಟು ಹುಡುಕಿದರೂ ನಿಮಗೆ ಸಿಗದು. ಅದು ಸಿಗುವುದು ಸಂತ ಯೋಹಾನರ ಶುಭಸಂದೇಶದ 19ನೆಯ ಅಧ್ಯಾಯದ 39ನೆಯ ವಚನದಲ್ಲಿ. ಪ್ರಭುವಿನ ಶರೀರವನ್ನು ಸಮಾಧಿ ಮಾಡಲು ನಿಕೊದೇಮನು ಹೊತ್ತು ತಂದ ಸುಗಂಧದ್ರವ್ಯಗಳಲ್ಲಿ ಅದು ಒಂದು.